ಪ್ರಿಂಟರ್ ಆರಿಸುತ್ತಿರುವ ಕಾಂತೇಶ್

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಕಾಂತೇಶ್ ಕೆಟ್ಟ ಮನುಷ್ಯನಲ್ಲ. ಅವನಿಗಿರುವುದು ಒಂದೇ ರೋಗ, ಆರಿಸುವುದು. ಮಿರ್ಚಿ ಬಂಡಿಯ ಮುಂದೆ ನಿಂತರೆ ತಟ್ಟೆಯಲ್ಲಿರುವ ಅಷ್ಟೂ ಮಿರ್ಚಿಯನ್ನು ಕಣ್ಣಲ್ಲೇ ತೂಗಿ, "ಅದು ಬ್ಯಾಡ, ಅದರ ಬಾಜೂದು" ಎನ್ನುವಷ್ಟರಲ್ಲಿ ಬಾಜೂದು ಇನ್ಯಾರದೋ ಮಂಡಕ್ಕಿಯ ಮೇಲೆ ಕೂತಿರುತ್ತದೆ. ಹೆಣ್ಣು ನೋಡುವಾಗಲೂ ಹೀಗೇ ಎಳೆದಾಡಿದ. ಕೊನೆಗೆ ಹಗರಿಬೊಮ್ಮನಹಳ್ಳಿಯ ಸುಮಲತಾಳೇ "ನಾನು ಒಪ್ಪೀನಿ, ಅವ್ರೂ ಒಪ್ಯಾರ ಅಂತ ಅವರಿಗೇ ಹೇಳಿಬಿಡ್ರಿ" ಎಂದು ಹೇಳಿಕಳಿಸಿ ಮದುವೆ ಮುಗಿಸಿಕೊಂಡಳು. ಅಂಗಡಿಗೆ ಬರುವ ರೈತರಿಗೆ ಮಾತ್ರ ಯಾವ ಮೆಕ್ಕೆಜೋಳದ ಬೀಜ ಒಯ್ಯಬೇಕೆಂದು ಕ್ಷಣದಲ್ಲಿ ಹೇಳುತ್ತಾನೆ. ಬಿತ್ತುವುದು ಅವರ ಹೊಲದಲ್ಲಿ ತಾನೇ!

ಇಂಥವನಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಅಷ್ಟಕ್ಕಷ್ಟೆ. ಒಂದು ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಉಜ್ಜಿನಿಗೆ ಹೋದಾಗ ತಾಯಿ ನಾಗಲಿಂಗಮ್ಮ ಗುಡಿಯ ಕಟ್ಟೆಯ ಮೇಲೆ ಕೂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಯಾರಿಗೋ ಬೈಯುತ್ತ ನಗುತ್ತಿದ್ದ ಚಿತ್ರ.

ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ಹಟ ಹಿಡಿದವಳು ನಾಗಲಿಂಗಮ್ಮನೇ. ಅವಳ ಅಕ್ಕ ದ್ಯಾಮಕ್ಕ ತೀರಿಕೊಂಡಾಗ ಮನೆಯವರು ದೊಡ್ಡ ಫೋಟೊ ಮಾಡಿಸಿ ಹಾರ ಹಾಕಿದ್ದರು. ಎಲ್ಲರೂ ಅತ್ತು ಮುಗಿಸಿದ ಮೇಲೆ ನಾಗಲಿಂಗಮ್ಮ ಹೇಳಿದಳು: "ಅಕ್ಕ ಎಷ್ಟು ಚಂದ ಕಾಣ್ತಾಳ. ಊರಾಗಿನ ಮಂದಿಯೆಲ್ಲಾ ನೋಡಿದ್ರು, ಪಾಪ, ಆಕಿ ಒಬ್ಬಾಕಿ ನೋಡ್ಲಿಲ್ಲ. ಯಪ್ಪಾ ಕಾಂತೇಶ, ನಂದು ನಾನು ನೋಡಬೇಕು." ಆ ಹೊತ್ತಿಗಾಗಲೇ ಅವಳ ಕಣ್ಣು ಮಂಜಾಗುತ್ತಿತ್ತು. ಇರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು ಅಷ್ಟೆ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಬೀದಿಯ ಕೊನೆಯ ಸ್ಟುಡಿಯೋಕ್ಕೆ ಕೊಟ್ಟಿದ್ದರೆ ಸಂಜೆಯೊಳಗೆ ಕೈಗೆ ಸಿಗುತ್ತಿತ್ತು. ಕಾಂತೇಶ್ ಒಪ್ಪಲಿಲ್ಲ. "ಅವ್ರು ಮುಖ ಬೆಳ್ಳಗ ಮಾಡಿಬಿಡ್ತಾರ. ನಮ್ಮವ್ವನ ಬಣ್ಣ ನಮ್ಮವ್ವಂದ ಇರಬೇಕು. ಮನಿಗೇ ಪ್ರಿಂಟರ್ ತಂದು ನಾನ ತೆಗೀತೀನಿ." ಮಾತು ಒಪ್ಪುವಂಥದ್ದೇ. ಆದರೆ ಪ್ರಿಂಟರ್ ತರಬೇಕೆಂದರೆ ಮೊದಲು ಆರಿಸಬೇಕಲ್ಲ!

ಶುರುವಾಯಿತು ನೋಡಿ ಯೂಟ್ಯೂಬಿನ ಪಾರಾಯಣ. ನೀರಿನಲ್ಲಿ ಕರಗಿದ ಬಣ್ಣದ ಶಾಯಿ ಮಿಂಚುತ್ತದೆ, ಆದರೆ ಬೇಗ ಮಾಸುತ್ತದೆ. ಬಣ್ಣದ ಪುಡಿ ಬೆರೆಸಿದ ಪಿಗ್ಮೆಂಟ್ ಶಾಯಿ ತಲೆಮಾರು ಬಾಳುತ್ತದೆ, ಆದರೆ ಆಗಾಗ ಕೆಲಸ ಕೊಡದಿದ್ದರೆ ಪ್ರಿಂಟರಿನ ಸಣ್ಣ ತೂತುಗಳಲ್ಲಿ ಒಣಗಿ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಇರುವ ಪ್ರಿಂಟರಿಗೆ ಶಾಯಿ ಸುರಿಯುವುದು ಸುಲಭ, ಆದರೆ ಅದರ ಕಪ್ಪು ಇವನ ಕಣ್ಣಿಗೆ ಬೂದಿಯಾಗಿ ಕಾಣುತ್ತದೆ. ಹತ್ತಿಯ ಕಾಗದವೋ, ಹೊಳೆಯುವ ಕಾಗದವೋ? ಮೆಕ್ಕೆಜೋಳದ ಲಾರಿಗಳ ಧೂಳಿಗೆ ಯಾವುದು ತಡೆದೀತು? ಎಲ್ಲ ಬಗೆಹರಿದು ಒಂದನ್ನು ಗೊತ್ತುಮಾಡಿಕೊಂಡನೋ, ಅಷ್ಟರಲ್ಲಿ ಹೊಸ ಮಾಡೆಲ್ ಬರುತ್ತಿತ್ತು. ಮತ್ತೆ ಮೊದಲಿನಿಂದ. ಈ ನಡುವೆ ಸಿದ್ಧವಾಗಿ ನಿಂತಿದ್ದು ಒಂದೇ: ಗೋಡೆಗೆ ಹೊಡೆದ ಮೊಳೆ.

"ಬಂತೇನೋ ಮಿಷನ್ನು?" ಎಂದು ತಾಯಿ ಕೇಳುವಳು.

"ನೂರು ವರ್ಷ ಬಾಳಿಕಿ ಬರೋ ಬಣ್ಣ ಹುಡುಕಾಕತ್ತೀನವ್ವಾ."

"ನನ್ನ ಬಾಳಿಕಿ ಎಷ್ಟೈತಿ ಅಂತ ಕೇಳಿದೇನು?"

ಕಾಂತೇಶ್ ಇದನ್ನು ಒಳ್ಳೆಯ ತಮಾಷೆಯೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಕ್ಕ. ನಗುವ ವಿಷಯವೇ ಅದು? ಅಷ್ಟು ದಿನಕ್ಕೆ ಆ ಮುದುಕಿ ಬಾಗಿಲಲ್ಲಿ ನಿಂತವರನ್ನು ದನಿಯಿಂದ ಗುರುತಿಸುವಂತಾಗಿದ್ದಳು.

ಒಂದು ಸಂಜೆ ಅವನು ಅಂಗಡಿ ಮುಚ್ಚಿ ಮನೆಗೆ ಬಂದ. ಆ ಮೊಳೆಗೆ ಬಾಗಿಲಗಲದ ಫ್ಲೆಕ್ಸ್ ಜೋತುಬಿದ್ದಿತ್ತು. ಸುಮಲತಾ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರದಿಂದ ನಾಗಲಿಂಗಮ್ಮನನ್ನು ಕತ್ತರಿಸಿ ತೆಗೆದು, ಉಜ್ಜಿನಿಯ ಕಟ್ಟೆಯ ಬದಲು ಹಿಮದ ಬೆಟ್ಟವನ್ನೂ ಜಲಪಾತವನ್ನೂ ಹಿಂದೆ ನಿಲ್ಲಿಸಿದ್ದರು. ಮುಖ ಬೆಳ್ಳಗಾಗಿತ್ತು, ತುಟಿ ಗುಲಾಬಿಯಾಗಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ಅದರ ಕೆಳಗೇ ನಾಗಲಿಂಗಮ್ಮ ಕುರ್ಚಿ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದಳು.

"ಯವ್ವಾ! ಏನಿದು? ಆ ಫ್ಲೆಕ್ಸಿನ ಹೊನ್ನೂರಸ್ವಾಮಿಗೆ ಬುದ್ಧಿ ಐತೋ ಇಲ್ಲೋ? ಬದುಕಿರೋರಿಗೆ ಶ್ರದ್ಧಾಂಜಲಿ ಹಾಕ್ಯಾನಲ್ಲ!"

"ಅವನ್ನ ಯಾಕ ಬೈತಿ? ಅವ ಬ್ಯಾಡಬೇ ಅಮ್ಮಾ, ಬ್ಯಾಡಬೇ ಅಂತ ಕೈ ಮುಗಿದ. ನಾನ ಬರಸೀನಿ."

"ಯಾಕವ್ವಾ?"

ನಾಗಲಿಂಗಮ್ಮ ಎದ್ದು, ಮೂಗು ತಾಗುವಷ್ಟು ಹತ್ತಿರ ಹೋಗಿ, ತನ್ನ ಮುಖವನ್ನು ಕಣ್ಣು ತುಂಬ ನೋಡಿಕೊಂಡಳು. ಅವಳಿಗೆ ಖುಷಿಯಾಗಿತ್ತು. "ಇಷ್ಟು ದೊಡ್ಡದಿದ್ರ ನನಗ ಕಾಣ್ತೈತಿ. ಈಗ ನಾ ನೋಡ್ಕಂತೀನಿ, ಆಮ್ಯಾಲೆ ಮಂದಿ ನೋಡ್ತಾರ. ಕೆಳಗ ನಾ ಹೋದ ದಿನ ಬರಿಯಾಕ ಜಾಗ ಬಿಡಿಸೀನಿ, ನೋಡು. ಇನ್ನೇನ್ ಮಾಡ್ಲೋ ಯಪ್ಪಾ? ನನ್ನ ಹೆಣ ಎತ್ತೋ ಹೊತ್ನ್ಯಾಗೂ ನೀನು ಮಿಷನ್ ಆರಿಸ್ಕಂತ ಕುಂತಿರ್ತಿ."

ಕಾಂತೇಶ್ ಕೆಳಗೆ ನೋಡಿದ. ಹೌದು, ಖಾಲಿ ಜಾಗವಿತ್ತು. ನುಣ್ಣನೆಯ ಫ್ಲೆಕ್ಸಿನ ಮೇಲೆ ಅಳಿಸದೆ ನಿಲ್ಲುವ ಶಾಯಿ ಯಾವುದಿರಬಹುದು ಎಂದು ಅವನ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು. ಏನು ಯೋಚಿಸುತ್ತಿದ್ದೇನೆಂದು ಅರಿವಾದಾಗ, ತಾಯಿಯ ಮುಖವನ್ನು ನೋಡಲಾಗದೆ ನಾಚಿಕೆಯಿಂದ ತಲೆ ತಗ್ಗಿಸಿದ.