ಎಡಗಡೆ ಸ್ವಲ್ಪ ಕಡಿಮೆ

ನಾನು ಶಾಲೆ ಬಿಟ್ಟದ್ದು 1997ರಲ್ಲಿ, ಏಳನೆಯ ತರಗತಿಯ ನಡುವೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದೂ ಅದೇ ವರ್ಷ. ನನ್ನನ್ನು ಯಾರೂ ಬಿಡಿಸಲಿಲ್ಲ. ಬನಹಟ್ಟಿಯ ಪವರ್‌ಲೂಮ್ ಫ್ಯಾಕ್ಟರಿಯ ಬಾಗಿಲಲ್ಲಿ ನಿಂತು ನೋಡಿದೆ, ಒಳಗಿನ ಗದ್ದಲ ನನಗೆ ಹಿಡಿಸಿತು, ಮಾರನೆಯ ದಿನ ಪಾಟಿಚೀಲ ಮನೆಯಲ್ಲಿಟ್ಟು ಹೋದೆ. ದುಡಿದು ತಿಂದಿದ್ದೇನೆ, ಕೈಯೊಡ್ಡಿಲ್ಲ.

ಮಗ್ಗ ಕಲಿಸಿದವರು ಕಾಕಾ. ನನಗೆ ರಕ್ತಸಂಬಂಧಿಯಲ್ಲ, ಫ್ಯಾಕ್ಟರಿಗೆಲ್ಲ ಅವರು ಕಾಕಾ. ಅವರ ಕೈಯಲ್ಲಿ ಕಲಿತವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಬಲಗೈ ಮಗ್ಗದ ಹಿಡಿಕೆಯ ಮೇಲೆ, ಸೊಂಟ ಬಾಗಿ, ಎಡಗಿವಿ ಲಾಳಿ ಬಂದು ಬಡಿಯುವ ಪೆಟ್ಟಿಗೆಯ ಹತ್ತಿರ. ಎಳೆ ಕಡಿದದ್ದು ಕಣ್ಣಿಗೆ ಕಾಣುವ ಮೊದಲು ಲಾಳಿಯ ಏಟಿನ ದನಿಯಲ್ಲಿ ತಿಳಿಯುತ್ತದೆ.

"ಕಣ್ಣ ಸುಳ್ಳ ಹೇಳತಾವ ತಮ್ಮಾ, ಕಿವಿ ಹೇಳಂಗಿಲ್ಲ," ಎನ್ನುತ್ತಿದ್ದರು ಕಾಕಾ. ಅದನ್ನೂ ಅವರು ಬಾಯಿ ಅಗಲಿಸಿ, ತುಟಿ ಓದಿಸಿ ಹೇಳಬೇಕಿತ್ತು. ಮಗ್ಗಗಳು ನಡೆಯುವಾಗ ಅಲ್ಲಿ ಯಾರೂ ಯಾರ ದನಿಯನ್ನೂ ಕೇಳುವುದಿಲ್ಲ. ಊಟಕ್ಕೆ ಕರೆಯುವುದು, ಬೈಯುವುದು, ನಗಿಸುವುದು ಎಲ್ಲವೂ ತುಟಿ ಮತ್ತು ಕೈಸನ್ನೆಯಲ್ಲಿ.

ಹಾಗೆ ಹದಿನೈದು ವರ್ಷ ನೇಯ್ದೆ. ಆಮೇಲೆ ಬನಹಟ್ಟಿಯಲ್ಲೇ ಮೊಬೈಲ್ ಸಾಮಾನಿನ ಅಂಗಡಿ ಇಟ್ಟೆ. ಚಾರ್ಜರ್, ಕವರ್, ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡುವುದು. ನೇಕಾರರು ಬಂದು ಬಂದು ಕೇಳುತ್ತಿದ್ದದ್ದು ಒಂದೇ, ಕಿವಿಯನ್ನು ಪೂರಾ ಮುಚ್ಚುವ ಹೆಡ್‌ಫೋನ್. ಕಿವಿಯೊಳಗೆ ತುರುಕುವ ಸಣ್ಣವು ಫ್ಯಾಕ್ಟರಿಯಲ್ಲಿ ಉಪಯೋಗಕ್ಕಿಲ್ಲ, ಮಗ್ಗದ ಸಪ್ಪಳದಲ್ಲಿ ಹಾಡು ಮುಳುಗಿ ಹೋಗುತ್ತದೆ. ಬಟ್ಟಲಿನಂತೆ ಕವುಚಿಕೊಳ್ಳುವಂಥದ್ದು ಬೇಕು, ಮಡಿಚಿದರೆ ಬುತ್ತಿಚೀಲದಲ್ಲಿ ಹಿಡಿಸಬೇಕು.

ಹೆಡ್‌ಫೋನ್ ಪರೀಕ್ಷೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ರಬಕವಿ ಬನಹಟ್ಟಿಯಲ್ಲಿ ಇರಲಿಲ್ಲ. ಮೊದಲು ತಲೆಗೆ ಹಾಕಿ ಎಲೆ ಅಡಿಕೆ ಜಗಿಯುತ್ತಿದ್ದೆ. ದವಡೆ ಆಡಿದಾಗ ಬಟ್ಟಲು ಜಾರಿದರೆ ಅದು ನಮ್ಮ ಮಂದಿಗೆ ಆಗುವುದಿಲ್ಲ. ಆಮೇಲೆ ತಲೆಗೆ ಟವೆಲ್ ಸುತ್ತಿ ಅದರ ಮೇಲೆ ಹಾಕಿ, ಪಟ್ಟಿ ನೆತ್ತಿಯನ್ನು ಒತ್ತುತ್ತದೆಯೋ ನೋಡುತ್ತಿದ್ದೆ. ಬೇಸಿಗೆಯ ಮಧ್ಯಾಹ್ನ ಫ್ಯಾನ್ ನಿಲ್ಲಿಸಿ ಕುಳಿತು ಬೆವರಿಳಿಸಿಕೊಳ್ಳುತ್ತಿದ್ದೆ, ಏಕೆಂದರೆ ಮೆತ್ತೆಯ ರೆಕ್ಸಿನ್ ಬೆವರಿಗೆ ಸುಲಿಯುತ್ತದೆ, ಸುಲಿದ ಜಾಗಕ್ಕೆ ಹತ್ತಿಯ ದೂಳು ಅಂಟಿ ತುರಿಕೆ ಏಳುತ್ತದೆ. ಹೆಂಡತಿ ಹಳೆಯ ಮೆದು ಸೀರೆ ಕತ್ತರಿಸಿ ಮೆತ್ತೆಗೆ ಗವಸು ಹೊಲಿದುಕೊಟ್ಟಳು. ಅವಕ್ಕೂ ಗಿರಾಕಿ ಹುಟ್ಟಿದರು.

ಧ್ವನಿಗೆ ನನ್ನ ಬಳಿ ಒಂದು ರೆಕಾರ್ಡು ಇತ್ತು. ಬೀರೇಶ್ವರನ ಗುಡಿಯ ಮುಂದೆ ನಮ್ಮ ಓಣಿಯ ಕುರುಬರ ಮಂದಿ ಡೊಳ್ಳು ಬಾರಿಸಿದ್ದನ್ನು ಮೊಬೈಲಿನಲ್ಲಿ ಹಿಡಿದದ್ದು. ಕಳಪೆ ಹೆಡ್‌ಫೋನಿನಲ್ಲಿ ಡೊಳ್ಳು ಎಣ್ಣೆಡಬ್ಬಿ ಬಡಿದಂತೆ ಕೇಳುತ್ತದೆ. ಒಳ್ಳೆಯದರಲ್ಲಿ ಏಟು ಎದೆಗೆ ಇಳಿಯುತ್ತದೆ, ಅದರ ಮೇಲೆ ತಾಳದ ಕಿಣಿಕಿಣಿ ಬೇರೆಯಾಗಿ ನಿಲ್ಲುತ್ತದೆ. ಎಲ್ ಎಂದು ಬರೆದದ್ದು ಎಡಗಿವಿಗೆ, ಆರ್ ಎಂದದ್ದು ಬಲಗಿವಿಗೆ. ಏಳನೆಯ ತರಗತಿಯವರೆಗೆ ಹೋದವನಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಉಲ್ಟಾ ಹಾಕಿಕೊಂಡವರನ್ನು ನಾನು ಬೈದು ಸರಿಪಡಿಸುತ್ತಿದ್ದೆ.

ಮೊದಲು ದೂರು ತಂದವರು ಕಾಕಾ.

"ಲೇ, ಎಡಗಡೆ ಸ್ವಲ್ಪ ಕಮ್ಮಿ ಕೇಳತೈತಿ ನೋಡು."

"ಉಲ್ಟಾ ಹಾಕ್ಕೊಂಡಿರಿ ಕಾಕಾ. ಎಲ್ ಅಕ್ಷರ ಎಡಕ್ಕ ಬರಬೇಕು."

"ಹ್ಯಾಂಗ ಹಾಕಿದ್ರೂ ಎಡಕ್ಕ ಕಮ್ಮೀನ ಐತಿ. ನಿನ್ನ ಅಕ್ಷರ ನೀನ ಇಟಗೊ, ನನಗ ಹಾಡ ಕೊಡು."

ನಾನೇ ಹಾಕಿಕೊಂಡು ಡೊಳ್ಳಿನ ರೆಕಾರ್ಡು ಹಚ್ಚಿ, ಮೊದಲ ಸಲ ಎರಡು ಕಡೆಯನ್ನೂ ಹೋಲಿಸಿ ಕೇಳಿದೆ. ನಿಜ, ಎಡಗಡೆ ಕಡಿಮೆ. ಬದಲಿ ಕೊಟ್ಟೆ. ವಾರದೊಳಗೆ ಅದೂ ವಾಪಸ್ ಬಂತು. ಆಮೇಲೆ ಇನ್ನೊಬ್ಬ ನೇಕಾರ, ಮತ್ತೊಬ್ಬ. ಪ್ರತಿಯೊಂದನ್ನೂ ಹಾಕಿ ನೋಡಿದೆ, ಎಲ್ಲದರಲ್ಲೂ ಅದೇ ದೋಷ. ಮುಧೋಳ, ಮಹಾಲಿಂಗಪುರದಿಂದ ಬಂದು ಒಯ್ದ ಬೆಲ್ಲದ ವ್ಯಾಪಾರಿಗಳು ಮಾತ್ರ ಯಾರೂ ತಿರುಗಿ ಬರಲಿಲ್ಲ. ಅವರಿಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡೆ.

ಮಾಲು ಕಳಿಸುತ್ತಿದ್ದ ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿ ಕೊನೆಗೆ ಫೋನ್ ಮಾಡಿದ. ಅಂಗಡಿಯಲ್ಲಿ ಕಾಕಾ ಕುಳಿತಿದ್ದರು, ಇನ್ನೂ ನಾಲ್ಕು ಮಂದಿ ಗಿರಾಕಿಗಳಿದ್ದರು.

"ಏನ್ರೀ ಬನಹಟ್ಟಿಯವ್ರ, ನೀವು ವಾಪಸ್ ಕಳಸಿದ್ದರಾಗ ಒಂದರಾಗೂ ದೋಷ ಇಲ್ಲ. ಗದಗಿನವರು, ಬೆಳಗಾವಿಯವರು ಇದ ಮಾಲ ಮಾರಾಕತ್ತಾರ, ಒಬ್ಬರೂ ಸೊಲ್ಲ ಎತ್ತಿಲ್ಲ."

"ಅವರಿಗೆ ಕಿವಿ ಇಲ್ಲ ಬಿಡ್ರಿ. ನಾ ಮಗ್ಗಕ್ಕ ಕಿವಿ ಹಚ್ಚಿ ಬೆಳದ ಮನಷ್ಯಾ. ನೀವು ನಮಗ ಸೆಕೆಂಡ್ಸ್ ಮಾಲ ಕಳಸಾಕತ್ತೀರಿ."

"ನಿಮ್ಮ ಕಿವೀನ ತಪ್ಪಿದ್ರ?"

"ತಪ್ಪಿದ್ರ ಹೆಡ್‌ಫೋನ್ ಮಾರೂದ ಬಿಡತೇನ್ರಿ. ಇಲ್ಲೆ ಕುಂತ ಮಂದಿ ಸಾಕ್ಷಿ."

ಕಾಕಾ ತಲೆಯಾಡಿಸಿದರು. ನೇಕಾರರ ಪರವಾಗಿ ನಾನು ಮಾತಾಡಿದೆನೆಂದು ಅಂದು ಎಲ್ಲರಿಗೂ ಸಂತೋಷ. ನಾನು ಆ ವ್ಯಾಪಾರಿಯನ್ನು ಬಿಟ್ಟು ಬೇರೆಯವನಿಂದ, ಬೇರೆ ಕಂಪನಿಯ ಪೆಟ್ಟಿಗೆ ತರಿಸಿದೆ. ಮನೆಗೇ ಒಯ್ದು ಬಿಚ್ಚಿ, ಒಂದನ್ನು ಹಾಕಿಕೊಂಡು ಡೊಳ್ಳು ಹಚ್ಚಿದೆ.

ಎಡಗಡೆ ಕಡಿಮೆ.

ದೇಶದಲ್ಲಿ ಸರಿಯಾದ ಮಾಲು ಮಾಡುವವರೇ ಇಲ್ಲ ಎಂದು ಗೊಣಗಿದೆ. ಹೆಂಡತಿ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಅವಳು ಗಲಗಲಿಯವಳು. ಕೃಷ್ಣೆಯ ಆಚೆ ದಂಡೆಯಲ್ಲಿ ಯಾರಾದರೂ ಕೂಗಿದರೆ ಯಾರ ಮನೆಯವರೆಂದು ಈಚೆಯಿಂದಲೇ ಹೇಳುತ್ತಿದ್ದವರ ಪೈಕಿ. ಮದುವೆಯಾಗಿ ಬಂದ ಮೇಲೆ ಫ್ಯಾಕ್ಟರಿಯೊಳಗೆ ಕಾಲಿಟ್ಟವಳಲ್ಲ.

"ಕೊಡ್ರಿ ಇಲ್ಲೆ," ಎಂದು ಕೈ ಒರೆಸಿಕೊಂಡು ಹಾಕಿಕೊಂಡಳು. ಕೇಳಿದಳು. "ಎರಡೂ ಕಡೆ ಸಮಾ ಐತಲ್ರಿ."

"ನಿನಗ ತಿಳಿಯಂಗಿಲ್ಲ ಬಿಡು."

"ನೀವು ಒಮ್ಮೆ ತಿರುವಿ ಹಾಕ್ಕೊಂಡ ನೋಡ್ರಿ."

"ಎಲ್ ಅಕ್ಷರ ಎಡಕ್ಕ..."

"ಅಕ್ಷರ ಹಾಳಾಗ್ಲಿ. ತಿರುವ್ರಿ."

ಅವಳ ಸಮಾಧಾನಕ್ಕೆಂದು ತಿರುವಿ ಹಾಕಿಕೊಂಡೆ. ಈಗ ಬಲಗಡೆ ಕಡಿಮೆ ಕೇಳಬೇಕಿತ್ತು. ಕಡಿಮೆ ಕೇಳುತ್ತಿದ್ದದ್ದು ಎಡಗಡೆಯೇ. ದೋಷ ಬಟ್ಟಲಿನ ಜೊತೆ ಆ ಕಡೆಗೆ ಹೋಗದೆ ನನ್ನ ತಲೆಯ ಈ ಕಡೆಯಲ್ಲೇ ಉಳಿದುಕೊಂಡಿತ್ತು. ಮತ್ತೆ ತಿರುವಿದೆ. ಮತ್ತೆ ತಿರುವಿದೆ. ಡೊಳ್ಳು ಬಲಗಿವಿಯಲ್ಲಿ ಎದೆಗಿಳಿಯುವಂತೆ ಮೊಳಗುತ್ತಿತ್ತು, ಎಡಗಿವಿಯಲ್ಲಿ ಮೂರು ಓಣಿಯಾಚೆ. ತಾಳದ ಕಿಣಿಕಿಣಿ ಆ ಕಡೆ ಇರಲೇ ಇಲ್ಲ.

"ನಿನಗ ಮೊದಲ ಗೊತ್ತಿತ್ತೇನ?" ಎಂದೆ.

"ನಾ ಎಂದಾದ್ರೂ ನಿಮ್ಮ ಎಡಕ್ಕ ಕುಂತ ಮಾತಾಡೇನೇನ್ರಿ?"

ನೆನಪು ಮಾಡಿಕೊಂಡೆ. ಊಟಕ್ಕೆ ಕುಳಿತರೆ ಅವಳು ನನ್ನ ಬಲಕ್ಕೆ. ಗಾಡಿಯ ಮೇಲೆ ಹಿಂದೆ ಕುಳಿತರೆ ಬಲಭುಜದ ಮೇಲಿಂದಲೇ ಮಾತು. ಬಸ್ಸಿನಲ್ಲಿ ಕಿಟಕಿ ಎಡಕ್ಕಿದ್ದರೆ ಕಿಟಕಿಯ ಜಾಗ ನನಗೆ ಬಿಡುತ್ತಿದ್ದಳು. ಗಂಡನ ಮೇಲಿನ ಪ್ರೀತಿ ಎಂದುಕೊಂಡಿದ್ದೆ ನಾನು.

"ಮತ್ತ ಹೇಳಬಾರದಿತ್ತ?"

"ಫ್ಯಾಕ್ಟರಿ ಮಂದಿ ಎಲ್ಲಾರೂ ಹಿಂಗ ಇರತಾರ. ನಿಮ್ಮ ಕಿವಿ ನಿಮಗ ಗೊತ್ತಿರಂಗಿಲ್ಲಂತ ನಾ ಹ್ಯಾಂಗ ತಿಳಕೊಳ್ಳಲಿ?" ಎಂದು ಮೊರದಲ್ಲಿ ಕೈಯಾಡಿಸಿದಳು. ಜೋಳದ ಸಪ್ಪಳವನ್ನು ನಾನು ಬಲಗಿವಿಯಿಂದ ಕೇಳಿದೆ. ಎಡಗಿವಿಯಿಂದ ಕೇಳಲು ತಲೆ ತಿರುಗಿಸಿದೆ, ಅವಳ ಬೆರಳು ಆಡುತ್ತಿದ್ದವು, ಅಷ್ಟೆ.

ಆ ವಾರವೇ ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಹೋದೆ. ಸಣ್ಣ ಕೋಣೆ, ಗೋಡೆಗೆ ಮೆತ್ತನೆಯ ಹಾಸು. ಡಾಕ್ಟರು ನನ್ನ ತಲೆಗೆ ಒಂದು ದೊಡ್ಡ ಹೆಡ್‌ಫೋನ್ ಹಾಕಿದರು. ಚಾಳಿ ಬಿಡಲಿಲ್ಲ, ಕುಳಿತಲ್ಲೇ ಅದನ್ನೂ ಪರೀಕ್ಷಿಸಿದೆ: ಪಟ್ಟಿ ಬಿಗಿ, ಭಾರ ಹೆಚ್ಚು, ಆದರೆ ಮೆತ್ತೆ ಉತ್ತಮ, ಹೊರಗಿನ ಸಪ್ಪಳ ಒಂದಿಷ್ಟೂ ಒಳಗೆ ಬಿಡುವುದಿಲ್ಲ. "ಸಪ್ಪಳ ಕೇಳಿದ ಕಡೆ ಕೈ ಎತ್ರಿ," ಎಂದರು. ಬಲಗೈ ಹಲವು ಸಲ ಎತ್ತಿದೆ. ಆಮೇಲೆ ಸುಮ್ಮನೆ ಕುಳಿತೆ. ಬಹಳ ಹೊತ್ತು ಏನೂ ಬರಲಿಲ್ಲ. ಮಷೀನು ನಿಲ್ಲಿಸಿದ್ದಾರೆಂದು ತಿಳಿದು ಗಾಜಿನಾಚೆ ನೋಡಿದೆ. ಡಾಕ್ಟರು ಗುಂಡಿ ಒತ್ತುತ್ತಲೇ ಇದ್ದರು, ನನ್ನ ಎಡಗೈಯನ್ನೇ ನೋಡುತ್ತಿದ್ದರು.

ಜೋರು ಮಾಡಿದ ಮೇಲೆ ಒಂದೆರಡು ಕೇಳಿದವು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು.

ಬಸ್ಸಿಳಿದು ನೇರವಾಗಿ ಕಾಕಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಅವರ ಬಲಕ್ಕೆ ಕುಳಿತು ಹೇಳಿದೆ. ಅವರು ಪೂರಾ ಕೇಳಿದರು.

"ಅಂದ್ರ ನನಗ ಮೊದಲ ಕೊಟ್ಟಿದ್ದು ಛಲೋ ಇತ್ತು?"

"ಛಲೋ ಇತ್ತರಿ."

"ಬದಲಿ ಕೊಟ್ಟಿದ್ದು?"

"ಅದೂ."

ಕಾಕಾ ಹೆಬ್ಬೆರಳಿನಿಂದ ಎಡಗಿವಿಯನ್ನು ಮುಚ್ಚಿದರು, ತೆಗೆದರು, ಮುಚ್ಚಿದರು. ಏನೂ ಬದಲಾಗಲಿಲ್ಲವೆಂದು ಅವರ ಮುಖದಲ್ಲಿ ಕಂಡಿತು.

"ನನ್ನ ಉಸ್ತಾದನೂ ನನಗ ಹಂಗ ಎಡಗಿವಿ ಹಚ್ಚಾಕ ಕಲಿಸಿದ್ದ," ಎಂದರು ಕೊನೆಗೆ. ಆಮೇಲೆ ದನಿ ಬದಲಿಸಿ, "ಹುಬ್ಬಳ್ಳಿಯಾಂವಗ ಮಾತ ಕೊಟ್ಟಿದ್ದೆಲ್ಲೋ. ನಾವೆಲ್ಲಾ ಸಾಕ್ಷಿ ಇದ್ದಿವಿ."

"ಕೊಟ್ಟೇನ್ರಿ. ನಡಸತೇನಿ."

ಮರುದಿನ ಹುಬ್ಬಳ್ಳಿಗೆ ಫೋನ್ ಮಾಡಿ, ಮಾಲು ಛಲೋ ಇದೆ, ಕಳಿಸಿರಿ ಎಂದಷ್ಟೇ ಹೇಳಿದೆ. ಆದರೆ ಅಂದಿನಿಂದ ಒಂದು ಹೆಡ್‌ಫೋನನ್ನೂ ನಾನು ಮಾರಿಲ್ಲ. ಮಾರುವವಳು ಹೆಂಡತಿ. ನೇಕಾರರು ಬಂದರೆ ತಿರುವಿ ಹಾಕಿಸಿ ನೋಡುತ್ತಾಳೆ. ಕೆಲವರು ಸುಮ್ಮನೆ ಎದ್ದು ಹೋಗುತ್ತಾರೆ, ಕೆಲವರು ಜಮಖಂಡಿಯ ಡಾಕ್ಟರ ವಿಳಾಸ ಕೇಳುತ್ತಾರೆ. ಪಟ್ಟಿಯ ಬಿಗಿ, ಮೆತ್ತೆ, ಬೆವರು ನೋಡುವಷ್ಟನ್ನು ಮಾತ್ರ ಅವಳು ನನಗೆ ಬಿಟ್ಟಿದ್ದಾಳೆ. ಅದಕ್ಕೆ ಕಿವಿಯ ಚರ್ಮ ಸಾಕು.

ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಒಂದು ಗಾಡಿ, ಬಲಕ್ಕೆ ಕುಳಿತು ಮಾತಾಡುವ ಒಬ್ಬಳು ಹೆಂಡತಿ, ಡೊಳ್ಳಿನ ಒಂದು ರೆಕಾರ್ಡು ಮತ್ತು ಒಂದು ಕಿವಿ.