ಅತ್ತೆ ಬಿಟ್ಟು ಓದಿದ ಪುಟಗಳು

ಹಳೆಯ ಪುಸ್ತಕದ ರಟ್ಟು ತೆರೆದಾಗ ಬರುವ ಮೈದಾ ಅಂಟಿನ ಹುಳಿವಾಸನೆ ಮೂಗಿಗೆ ತಾಗಿದರೆ ಸಾಕು, ನಾನು ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿರುತ್ತೇನೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ಆ ಮನೆ ಈಗಿಲ್ಲ. ಹೆದ್ದಾರಿ ಅಗಲವಾದಾಗ ಹೋಯಿತು. ನಾನು ಹೇಳುತ್ತಿರುವುದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಮಧ್ಯಾಹ್ನ ಊಟವಾಗಿ, ಶರಾವತಿಯ ಕಡೆಯಿಂದ ಉಪ್ಪುಗಾಳಿ ಏಳುವ ಹೊತ್ತಿಗೆ ಅಜ್ಜ ಆರಾಮ ಕುರ್ಚಿಯಲ್ಲಿ ಒರಗುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಅಪ್ಪನ ತಂಗಿ ಯಮುನತ್ತೆ ಕಂಬಕ್ಕೆ ಬೆನ್ನು ಕೊಟ್ಟು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕಾದಂಬರಿ ಹೆಣ್ಣುಮಕ್ಕಳ ತಲೆ ಕೆಡಿಸುತ್ತದೆ ಎಂಬುದು ಅಜ್ಜನ ಹಟ. ವಿಜ್ಞಾನವಾದರೆ ಅಡ್ಡಿಯಿರಲಿಲ್ಲ.

ಪೇಟೆಯ ವಾಚನಾಲಯದಿಂದ ಪುಸ್ತಕ ತರುವವಳು ನಾನು, ಹತ್ತು ವರ್ಷದ ಹುಡುಗಿ. ಅಲ್ಲಿನ ಗುಮಾಸ್ತರು ಪುಸ್ತಕದ ಹೆಸರಿನಲ್ಲಿ ಚಂದ್ರನೋ ನಕ್ಷತ್ರವೋ ಇದ್ದರೆ ಹಿಂದುಮುಂದು ನೋಡದೆ ‘ವಿಜ್ಞಾನ’ ಎಂದು ಚೀಟಿ ಅಂಟಿಸಿಬಿಡುತ್ತಿದ್ದರು. ಅದನ್ನು ಮೊದಲು ಪತ್ತೆಹಚ್ಚಿದವಳು ನಾನೇ ಎಂಬ ಜಂಬ ಇವತ್ತಿಗೂ ಇದೆ. ಆ ಕಪಾಟಿನಲ್ಲಿ ರಾಕೆಟ್ಟು ಹತ್ತಿದವರೆಲ್ಲ ಯಾರನ್ನೋ ಪ್ರೀತಿಸಿಯೇ ಹತ್ತಿದ್ದರು. ಪ್ರೀತಿಯ ಪುಟ ಬಂದೊಡನೆ ಅತ್ತೆ ಸುಳ್ಳೇ ಕೆಮ್ಮಿ, ಕಣ್ಣಲ್ಲಿ ಮಾತ್ರ ಓದಿಕೊಂಡು, ಮುಂದಿನ ಗ್ರಹಕ್ಕೆ ಹಾರುತ್ತಿದ್ದಳು. ಪಕ್ಕದಲ್ಲಿ ಕೂತ ನನಗೆ ನಗು ತಡೆಯುವುದೇ ಕಷ್ಟ. ಅವಳ ಮುಖ ನೋಡಿದರೆ ಮಾತ್ರ ನಗು ಬರುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕುಮಟೆಯ ಮಾಸ್ತರರೊಬ್ಬರು ಅವಳನ್ನು ಕೇಳಿಕೊಂಡು ಬಂದಿದ್ದರು. ಅವಳಿಗೂ ಮನಸ್ಸಿತ್ತು. ಜಾತಿ ಬೇರೆಯೆಂದು ಅಜ್ಜ ಬಾಗಿಲಲ್ಲೇ ಬೇಡವೆಂದರು. ಆಮೇಲೆ ಬಂದ ಯಾವ ಸಂಬಂಧಕ್ಕೂ ಅತ್ತೆ ಒಪ್ಪಲಿಲ್ಲ. ಅವಳ ಪಾಲಿಗೆ ಉಳಿದದ್ದು ಆ ಪುಟಗಳಷ್ಟೇ. ಗುಟ್ಟು ರಟ್ಟಾದರೆ ಅವೂ ನಿಲ್ಲುತ್ತವೆಂದು ನಮ್ಮಿಬ್ಬರಿಗೂ ಹೆದರಿಕೆಯಿತ್ತು.

ಅಜ್ಜ ತಾಳಮದ್ದಲೆಯಲ್ಲಿ ವೇಷವಿಲ್ಲದೆ ಕೂತು, ಪಾತ್ರಗಳ ಮಾತಾಡಿ ಅರ್ಥ ಹೇಳಿದವರು. ಪಾತ್ರ ಯಾಕೆ ಹಾಗೆ ಮಾಡಿತೆಂದು ತಿಳಿಯದೆ ಬಿಡುವವರಲ್ಲ. ಒಂದು ದಿನ ಚಂದ್ರಲೋಕಕ್ಕೆ ಹೋದವನ ಕಥೆ ಮುಗಿಯುತ್ತಿದ್ದಂತೆ ತಡೆದರು.

“ಅಲ್ಲ ಮಾರಾಯ್ತಿ, ಅಲ್ಲಿ ಅವಂಗೆ ರಾಜ್ಯವೇ ಸಿಕ್ಕಿತ್ತು. ಮತ್ತೆ ಎಂತಕ್ಕೆ ವಾಪಸ್ ಬಂದ?”

“ಬಂದ, ಅಷ್ಟೇ ಅಪ್ಪಯ್ಯ.”

“ಕಾರಣ ಇಲ್ದೆ ಯಾರೂ ಬರೂದಿಲ್ಲ. ನೀ ಎಲ್ಲೋ ಪುಟ ಬಿಟ್ಟಿದ್ದೀ.”

ಅತ್ತೆ ಪುಟಗಳನ್ನು ಹಿಂದಕ್ಕೆ ತಿರುವಿ, ಬಿಟ್ಟದ್ದನ್ನೆಲ್ಲ ಓದತೊಡಗಿದಳು. ಭೂಮಿಯಲ್ಲಿ ಅವನಿಗಾಗಿ ಕಾದಿದ್ದ ಹುಡುಗಿ, ಬೇಡವೆಂದ ಅವಳ ಮನೆಯವರು, ಬರುತ್ತೇನೆಂದು ಅವನು ಕೊಟ್ಟ ಮಾತು. ಓದುತ್ತ ಓದುತ್ತ ಅವಳ ದನಿ ಗಟ್ಟಿಯಾಯಿತು. ಮಾತುಮಾತಿಗೂ ‘ಹೂಂ’ ಎನ್ನುವ ಅಜ್ಜ ಅವತ್ತು ಒಮ್ಮೆಯೂ ಎನ್ನಲಿಲ್ಲ. ಅವಳು ನಿಲ್ಲಿಸಿದ ಮೇಲೆ ಕೇಳಿದರು.

“ಆ ಮಾಸ್ತರು ಈಗ ಎಲ್ಲಿ?”

“ಭಟ್ಕಳದಲ್ಲಿ. ಮದುವೆ ಆತು. ಎರಡು ಮಕ್ಕಳಂತೆ,” ಎಂದಳು ಅತ್ತೆ, ತಲೆ ಎತ್ತದೆ.

ಅಜ್ಜನ ಕೈ ಅವಳ ತಲೆಗಾಗಿ ತಡಕಾಡಿತು. “ನಂದು ತಪ್ಪಾತು, ಯಮುನಾ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಆತು, ಅಪ್ಪಯ್ಯ. ಮುಂದೆ ಓದ್ಲಾ?”

ಇಬ್ಬರೂ ಈಗಿಲ್ಲ. ಆ ದಿನದ ಮೇಲೆ ಅಜ್ಜ ಮೂರು ವರ್ಷ ಬದುಕಿದ್ದರು. ಅಷ್ಟೂ ದಿನ ಅತ್ತೆ ಒಂದು ಸಾಲನ್ನೂ ಬಿಡಲಿಲ್ಲ. ಯಾವ ಪುಸ್ತಕದಲ್ಲಾಗಲಿ, ಹೋದವನು ತಿರುಗಿ ಬಂದನೆಂದರೆ, ಅಜ್ಜ “ಅದನ್ನ ಇನ್ನೊಮ್ಮೆ ಓದು” ಎನ್ನುತ್ತಿದ್ದರು. ಅವಳು ಇನ್ನೊಮ್ಮೆ ಓದುತ್ತಿದ್ದಳು.