ಬಯಾಲಜಿಗೆ ಬಂದ ಮರುವಾಯಿ

ಜೀಗುಜ್ಜೆಯ, ಅಂದರೆ ದೀವಿಹಲಸಿನ, ಸಿಪ್ಪೆಯ ಮೇಲೆ ಜೇನುಗೂಡಿನಂಥ ಪುಟ್ಟ ಪುಟ್ಟ ಷಟ್ಕೋನಗಳಿರುತ್ತವೆ ಎಂಬುದು ಮೊನ್ನೆ ನನ್ನ ಗಮನಕ್ಕೆ ಬಂತು. ಮೊನ್ನೆಯೆಂದರೆ ನಿಜವಾಗಿಯೂ ಮೊನ್ನೆಯೇ. ಬಾಲ್ಯದಿಂದ ಎಣ್ಣೆಯಲ್ಲಿ ಕರಿದ ಜೀಗುಜ್ಜೆ ಪೋಡಿ ಮೆದ್ದ ಹಲ್ಲುಗಳು ಒಂದೊಂದಾಗಿ ರಿಟೈರ್ ಆಗಿ, ಕಣ್ಣಿಗೆ ಕನ್ನಡಕ ಬಂದು, ಕನ್ನಡಕಕ್ಕೆ ಇನ್ನಷ್ಟು ದಪ್ಪ ಗಾಜು ಬಂದ ಮೇಲೆ ನನಗೆ ಷಟ್ಕೋನದ ದರ್ಶನವಾಯಿತು. ನಗಬೇಡಿ ಮಾರಾಯರೇ, ನಿಮ್ಮ ಮನೆಯ ಹಾಗಲಕಾಯಿಯ ಮೈಮೇಲೆ ಎಷ್ಟು ಸಾಲು ಮುಳ್ಳುಂಟೆಂದು ನೀವಾದರೂ ಬಲ್ಲಿರೇ? ನಾಲಗೆ ಒಮ್ಮೆ ಪರಿಚಯ ಮಾಡಿಕೊಂಡ ವಸ್ತುವನ್ನು ಕಣ್ಣು ಮತ್ತೆ ಮಾತಾಡಿಸಲು ಹೋಗುವುದಿಲ್ಲ. ತಿಂದದ್ದನ್ನೆಲ್ಲ ನೋಡಿದ್ದೇವೆ ಎಂಬುದು ನಮ್ಮ ಆಜನ್ಮ ಭ್ರಮೆ.

ಈ ಭ್ರಮೆಗೆ ಮೊದಲ ಪೆಟ್ಟು ಬಿದ್ದದ್ದು ಕಾನ್ವೆಂಟಿನಲ್ಲಿ. ಎರಡನೆಯ ಮಹಾಯುದ್ಧ ಇನ್ನೂ ಆರಂಭವಾಗಿರದ ಕಾಲ. ನಾನು ಮಂಗಳೂರಿನ ಬೋರ್ಡಿಂಗಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಆ ಜೂನ್ ತಿಂಗಳಲ್ಲಿ ಬೆಂಗಳೂರು ಕಂಟೋನ್ಮೆಂಟಿನಿಂದ ಸಿಸ್ಟರ್ ಕೊಲೆಟ್ ಎಂಬ ತರುಣಿ ಬಂದಿಳಿದರು. ಅವರೊಡನೆ ಬಯಾಲಜಿ ಎಂಬ ಹೊಸ ವಿಷಯವೂ ಬಂದಿಳಿಯಿತು. ಅದಕ್ಕೆ ಜಾಗ ಮಾಡಿಕೊಡಲು ಎಂಬ್ರಾಯ್ಡರಿಯ ಒಂದು ಪೀರಿಯಡ್ ಬಲಿಯಾದ್ದರಿಂದ ಹೊಲಿಗೆಯ ಸಿಸ್ಟರ್ ಮುಖ ಬಿಗಿದುಕೊಂಡಿದ್ದರು. ಮದರ್ ಸುಪೀರಿಯರ್ ಫ್ರಾನ್ಸಿನವರಾದರೂ ಮಂಗಳೂರಿನ ಮಳೆಯಲ್ಲಿ ಬಹುಕಾಲ ನೆನೆದು ನಮ್ಮವರೇ ಆಗಿಬಿಟ್ಟಿದ್ದವರು. "ಸೋಮವಾರ ಬಂದು ನೋಡ್ತೇನೆ. ಹೆಣ್ಣುಮಕ್ಕಳಿಗೆ ತಕ್ಕದ್ದು ಅಂತ ಕಂಡರೆ ಮುಂದುವರಿಯಲಿ, ಇಲ್ಲದಿದ್ದರೆ ಸೂಜಿಯೇ ಸಾಕು" ಎಂದು ಅವರು ತೀರ್ಪನ್ನು ಕಾದಿರಿಸಿದ್ದರು.

ಮೊದಲ ದಿನ ಸಿಸ್ಟರ್ ಕೊಲೆಟ್ ಪುಸ್ತಕ ತೆರೆಯಲೇ ಇಲ್ಲ. ಬದಲಿಗೆ ತಮ್ಮ ತರಗತಿಯ ಕಟ್ಟಳೆಗಳನ್ನು ಹೇಳಿದರು. ಇಲ್ಲಿ ಯಾವುದನ್ನು ಕಂಡರೂ "ಛೀ" ಅನ್ನಕೂಡದು. ಕಂಡದ್ದನ್ನು ಮಾತ್ರ ಹೇಳಬೇಕು, ಪುಸ್ತಕ ಕಂಡದ್ದನ್ನಲ್ಲ. ಜೀವಂತವಾಗಿ ತಂದದ್ದನ್ನು ಜೀವಂತವಾಗಿಯೇ ಅದರ ಮನೆಗೆ ತಲುಪಿಸಬೇಕು. ಧರ್ಮಪಾಠದ ಕ್ಯಾಟೆಕಿಸಮ್ಮಿನ ಪ್ರಶ್ನೋತ್ತರಗಳನ್ನು ಗಿಳಿಯಂತೆ ಒಪ್ಪಿಸಿ ಪಳಗಿದ್ದ ನಮಗೆ ಇದು ದಿಗ್ಭ್ರಮೆಯ ಸಂಗತಿ. "ಹಾಗಾದರೆ ಬೈಹಾರ್ಟ್ ಮಾಡುವುದು ಎಂತ, ಸಿಸ್ಟರ್?" ಎಂದು ನಾನೇ ಕೇಳಿದ್ದೆ. ನನ್ನ ವಿಜ್ಞಾನಜೀವನದ ಮೊತ್ತಮೊದಲ ಪ್ರಶ್ನೆ ಅಷ್ಟು ಘನವಾದದ್ದು!

ಸೋಮವಾರದ ಪರೀಕ್ಷೆಗೆ ಜೀವಂತ ಪ್ರಾಣಿ ಬೇಕಿತ್ತು. ಬಂದರಿನ ಹತ್ತಿರ ಮನೆಯಿದ್ದು, ದಿನಾ ನಡೆದು ಬರುತ್ತಿದ್ದ ನನ್ನ ಗೆಳತಿ ಗುಲಾಬಿ ಶನಿವಾರ ಬೆಳಿಗ್ಗೆ ಒಂದು ಬುಟ್ಟಿ ಮರುವಾಯಿ ತಂದಳು. ಹೊಳೆಯ ಹೊಯಿಗೆಯಲ್ಲಿ, ಎಂದರೆ ಮರಳಿನಲ್ಲಿ, ಹುದುಗಿರುವ ನಮ್ಮ ಚಿಪ್ಪಿನ ಪ್ರಾಣಿ. ಸಮುದ್ರವನ್ನೇ ಕಾಣದೆ ಬೆಳೆದ ಸಿಸ್ಟರ್ ಕೊಲೆಟ್ "ಹೌ ಲವ್ಲಿ!" ಎಂದು ಮಗುವಿನಂತೆ ಹಿಗ್ಗಿದರು. ಅವು ನೀರಿನಲ್ಲಿ ಬಾಯಿ ತೆರೆಯುವುದನ್ನು ಮದರ್‌ಗೆ ತೋರಿಸಬೇಕೆಂದು, ಕಲ್ಲುಪ್ಪು ಕರಗಿಸಿದ ನೀರಿನ ಬೋಗುಣಿಯಲ್ಲಿ ಹಾಕಿ, ತಂಪಾಗಿರಲಿ ಎಂದು ಅಡುಗೆಮನೆಯ ಹಿಂದಿನ ಜಗಲಿಯಲ್ಲಿಟ್ಟರು.

ಕರಾವಳಿಯ ಓದುಗರು ಇಲ್ಲಿಗೇ ಹಣೆ ಚಚ್ಚಿಕೊಂಡಿರಬೇಕು. ಉಳಿದವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಮರುವಾಯಿಯನ್ನು ಉಪ್ಪುನೀರಿನಲ್ಲಿಡುವುದಕ್ಕೆ ಒಂದೇ ಅರ್ಥ, ನಾಳೆಯ ಊಟ.

ಭಾನುವಾರ ಮಧ್ಯಾಹ್ನ ಹಬೆಯಲ್ಲಿ ಬೆಂದ ಅಕ್ಕಿಯ ಪುಂಡಿಯ ಜೊತೆಗೆ ಬಡಿಸಿದ ತೆಂಗಿನಕಾಯಿ ಮಸಾಲೆಯ ಪದಾರ್ಥದ ಪರಿಮಳ ಈಗಲೂ ನನ್ನ ಮೂಗಿನಲ್ಲುಂಟು. ಮರುವಾಯಿ ಪೇಟೆಯಿಂದ ಬಂದದ್ದೆಂದು ಎಣಿಸಿ ನಾನು ಎರಡು ಸಲ ಹಾಕಿಸಿಕೊಂಡೆ. ಸಿಸ್ಟರ್ ಕೊಲೆಟ್ ಕೂಡ, ಮಸಾಲೆ ಮೆತ್ತಿದ ಚಿಪ್ಪನ್ನು ಗುರುತಿಸದೆ, ಅದೇನೆಂದು ಕೇಳದೆ, ಎರಡು ಸಲ ಹಾಕಿಸಿಕೊಂಡರಂತೆ.

ಸೋಮವಾರ ಬೆಳಿಗ್ಗೆ ಬೋಗುಣಿ ಬರಿದಾಗಿತ್ತು. ಅಡುಗೆಯ ಪಾವ್ಲಿನ್ ಬಾಯಿಯವರು ಸೆರಗಿನಲ್ಲಿ ಕೈ ಒರಸುತ್ತ ಬಂದರು. "ಉಪ್ಪುನೀರಿನಲ್ಲಿ ಉಂಟಲ್ಲ ಸಿಸ್ಟರ್, ಹೊಯಿಗೆ ಬಿಡಲಿಕ್ಕೆ ಇಟ್ಟದ್ದು ಅಂತ ಎಣಿಸಿದೆ. ಯಾಕೆ, ಖಾರ ಜಾಸ್ತಿ ಆಯಿತಾ?"

ಸಿಸ್ಟರ್ ಕೊಲೆಟ್ ಬೋಗುಣಿಯನ್ನು ಬಗ್ಗಿಸಿ ನೋಡಿದರು. ಆಮೇಲೆ, "ಚಿಪ್ಪು ಎಲ್ಲಿ?" ಎಂದರು.

ಚಿಪ್ಪು ಎರಡು ಕಡೆ ಇತ್ತು. ಮರುವಾಯಿಯನ್ನು ಸೀಳುವಾಗ ಖಾಲಿ ಬದಿಯನ್ನು ಎಸೆದು, ಮಾಂಸವಿರುವ ಬದಿಯನ್ನು ಮಾತ್ರ ಪಾತ್ರೆಗೆ ಹಾಕುವುದು ನಮ್ಮ ಪದ್ಧತಿ. ಹಾಗಾಗಿ ಅರ್ಧ ಚಿಪ್ಪುಗಳು ಅಡುಗೆಮನೆಯ ಹಿಂದೆ, ಇನ್ನರ್ಧ ನಮ್ಮ ಬಟ್ಟಲುಗಳ ಎಂಜಲು ಸುರಿದ ರಾಶಿಯಲ್ಲಿ. ಎರಡನ್ನೂ ತೊಳೆದು ತಂದು ಮೇಜಿನ ಮೇಲೆ ಸುರಿಯುವಷ್ಟರಲ್ಲಿ ಮದರ್ ಸುಪೀರಿಯರ್ ಬಾಗಿಲಲ್ಲಿ ನಿಂತಿದ್ದರು.

"ಜೀವಂತ ಪ್ರಾಣಿ ಅಂತ ಹೇಳಿದ್ದಲ್ಲವಾ ಸಿಸ್ಟರ್, ಎಲ್ಲಿ?"

ಸಿಸ್ಟರ್ ಕೊಲೆಟ್ ಬಾಯಿ ತೆರೆಯುವ ಮೊದಲೇ, ತಾನು ತಂದದ್ದನ್ನು ಹೊಳೆಗೆ ಮರಳಿಸಲಾಗದ ಸಿಟ್ಟಿನಲ್ಲಿ ಕುದಿಯುತ್ತಿದ್ದ ಗುಲಾಬಿ ಎದ್ದು ನಿಂತಳು. "ಬೋರ್ಡಿಂಗಿನವರ ಹೊಟ್ಟೆಯಲ್ಲಿ ಉಂಟು, ಮದರ್!"

ಸತ್ತೆವು ಎಂದುಕೊಂಡೆ. ಮದರ್ ಅವಳತ್ತ ತಿರುಗಿ, "ನನ್ನ ಹೊಟ್ಟೆಯಲ್ಲಿ ಸಹ ಉಂಟು" ಎಂದರು. ನಗಬಹುದೋ ಬಾರದೋ ತಿಳಿಯದೆ ನಾವು ಡೆಸ್ಕುಗಳನ್ನು ನೋಡಿದೆವು.

ಸಿಸ್ಟರ್ ಕೊಲೆಟ್ ಕ್ಷಮೆ ಕೇಳಲಿಲ್ಲ, ಭಾಷಣ ಮಾಡಲಿಲ್ಲ. ಎಲ್ಲರಿಗೂ ಒಂದೊಂದು ಅರ್ಧ ಚಿಪ್ಪು ಕೊಟ್ಟು, ರಾಶಿಯಲ್ಲಿ ಅದರ ಜೊತೆಯನ್ನು ಹುಡುಕಲು ಹೇಳಿದರು. ಎಂಥ ಮಹಾ ಕೆಲಸ, ಎಲ್ಲ ಒಂದೇ ಥರ ಉಂಟಲ್ಲ ಎಂದು ನಾವು ಕೈ ಹಾಕಿದೆವು. ಒಂದೂ ಕೂಡಲಿಲ್ಲ. ಅಳತೆ ಸರಿಯಿದ್ದರೆ ಅಂಚು ತಪ್ಪುತ್ತಿತ್ತು; ಅಂಚು ಸರಿಯೆನಿಸಿದರೆ ಹಿಂಬದಿಯ ಕೀಲಿನ ಸೂಕ್ಷ್ಮ ಹಲ್ಲುಗಳು ಒಂದರೊಳಗೊಂದು ಕೂರದೆ ಜಾರುತ್ತಿದ್ದವು. ಅಂಥ ಹಲ್ಲುಗಳಿವೆಯೆಂಬುದನ್ನೇ ಅಲ್ಲಿಯವರೆಗೆ ಯಾರು ಕಂಡಿದ್ದರು! ಒಂದರ ಮೈಯಲ್ಲಿ ನೇರಳೆಯ ಛಾಯೆ, ಇನ್ನೊಂದರಲ್ಲಿ ಕಂದು ಗೆರೆಗಳು. ನನ್ನದು ಕೊನೆಗೂ "ಟಕ್" ಎಂದು ಕೂಡಿಕೊಂಡಾಗ, ಅದು ಭಾನುವಾರದವರೆಗೆ ಇನ್ನಾವುದರಂತೆಯೂ ಇರದ ಒಂದು ಜೀವವಾಗಿತ್ತೆಂದು ಹೊಳೆಯಿತು.

ತಲೆಯೆತ್ತಿದರೆ, ಮದರ್ ಸುಪೀರಿಯರ್ ಗುಲಾಬಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ ಒಂದು ಚಿಪ್ಪನ್ನು ಹಿಡಿದುಕೊಂಡಿದ್ದರು. "ಅದಲ್ಲ ಮದರ್, ಇದು ನೋಡಿ" ಎಂದು ಗುಲಾಬಿ ಸಿಟ್ಟು ಮರೆತು ಆರಿಸಿಕೊಡುತ್ತಿದ್ದಳು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಹೊಲಿಗೆಯ ಸಿಸ್ಟರ್ ಬಣ್ಣದ ನೂಲಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದು, ಗೆದ್ದವರ ಗತ್ತಿನಲ್ಲಿ ಒಮ್ಮೆ ಕೆಮ್ಮಿದರು.

ಮದರ್ ರಾಶಿಯಿಂದ ಕಣ್ಣು ಕೀಳಲಿಲ್ಲ.

"ಸ್ವಲ್ಪ ನಿಲ್ಲಿ ಸಿಸ್ಟರ್," ಎಂದರು, "ನನ್ನದು ಇನ್ನೂ ಸಿಕ್ಕಲಿಲ್ಲ."